ನಾನು ದಾಟಿಸದ ಒಂದು ಮಾತು

…ಬುಧವಾರವೇ ಇರಬೇಕು, ಯಾಕೆಂದರೆ ಅಂದು ಮಕ್ಕಳಿಗೆ ಕಬ್ಬಿಣಾಂಶದ ಮಾತ್ರೆ ಹಂಚಿದ್ದೆ — ಅಥವಾ ಅದು ಬೇರೆ ವಾರವೋ. ಸಾಕು. ದಿನ ಹುಡುಕುತ್ತ ಕೂತರೆ ತಪ್ಪಿಸಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ನಾಗವೇಣಿ ಎಂಬ ಆರನೆಯ ತರಗತಿಯ ಹುಡುಗಿ ಕನ್ನಡದಲ್ಲಿ ಹೇಳಿದ ಒಂದು ಮಾತನ್ನು ನಾನು ತೆಲುಗಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ಬೇರೆಯದನ್ನು ಹೇಳಿದೆ. ಬೇಕೆಂದೇ ಹೇಳಿದೆ.

ನಾನು ನರ್ಸ್ ಆಗಿದ್ದ ಕೂಕಟ್‌ಪಲ್ಲಿಯ ಶಾಲೆಯವರು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಮಕ್ಕಳೊಂದಿಗೆ ಕಳೆದ ಮನಮುಟ್ಟುವ ಕ್ಷಣಗಳನ್ನು ಒಂದು ಪುಟ ಬರೆದುಕೊಡಬೇಕಂತೆ. ದಿನ ಬಿಟ್ಟು ದಿನ ಮೆಸೇಜು, ಜೊತೆಗೆ ಕೈಮುಗಿದ ಚಿತ್ರ, ಗುಲಾಬಿ ಚಿತ್ರ. ಮನಮುಟ್ಟುವ ಕ್ಷಣಗಳಂತೆ! ಮೂಗಿನಿಂದ ರಕ್ತ ಸೋರುವವನು, ಹೋಮ್‌ವರ್ಕ್ ಮಾಡದೆ ಹೊಟ್ಟೆ ಹಿಡಿದುಕೊಂಡು ಬಂದವನು, ಹೇನಿನ ಔಷಧ ಬರೆದುಕೊಟ್ಟೆನೆಂದು ಜಗಳಕ್ಕೆ ಬಂದ ತಾಯಿ — ಇವರ ನಡುವೆ ಕ್ಷಣ ಎಲ್ಲಿಂದ ತರಲಿ? ಮೊನ್ನೆ ಹಳೆಯ ಹೆಡ್‌ಮಿಸ್ಟ್ರೆಸ್ ತಾವೇ ಫೋನು ಮಾಡಿ ಹಾದಿ ತೋರಿಸಿದರು: ಆ ಕನ್ನಡದ ಹುಡುಗಿ ನಿಮ್ಮನ್ನು ತಬ್ಬಿಕೊಂಡಿತ್ತಲ್ಲ ಸಿಸ್ಟರ್, ಅದನ್ನೇ ಬರೆಯಿರಿ, ನನಗೆ ಇವತ್ತಿಗೂ ಕಣ್ಣು ತುಂಬುತ್ತದೆ.

ಅದನ್ನೇ ಬರೆಯುತ್ತಿದ್ದೇನೆ. ಆದರೆ ಕನ್ನಡದಲ್ಲಿ, ಸಂಚಿಕೆಗಲ್ಲ.

ನಾಗವೇಣಿಯ ಅಪ್ಪ ಶಾಲೆಯ ಹಿಂದಿನ ಅಪಾರ್ಟ್‌ಮೆಂಟಿನ ವಾಚ್‌ಮನ್, ರಾಯಚೂರು ಕಡೆಯವನು. ಅವಳು ಶಾಲೆಗೆ ಸೇರಿದ್ದು ಆ ಜೂನಿನಲ್ಲಿ. ನಮ್ಮ ತಂದೆ ಸರ್ಕಾರಿ ನೌಕರಿಗೆಂದು ಬೀದರಿನಿಂದ ಬಂದು ನಾಂಪಲ್ಲಿಯ ಕಚೇರಿಯೊಂದರಲ್ಲಿ ಬೇರೂರಿದವರು; ನನ್ನ ಕನ್ನಡ ಮನೆಯೊಳಗಿನ ಕನ್ನಡ. ಮೊದಲ ದಿನ ಅದನ್ನು ಕೇಳಿ ಹುಡುಗಿ ಬಾಯಿಬಿಟ್ಟು ನಿಂತಳು. "ಅಯ್ಯ, ನೀವೂ ನಮ್ಮಂಗ ಮಾತಾಡ್ತೀರಿ?" ಅಲ್ಲಿಂದ ದಿನಾ ಮೂರನೆಯ ಪೀರಿಯಡ್ಡಿಗೆ ನನ್ನ ಕೋಣೆಯ ಬಾಗಿಲಲ್ಲಿ ಹಾಜರು.

"ಅಕ್ಕೋರ, ತಲಿ ಭಾಳ ನೋಯಾಕತ್ತೈತ್ರಿ."

"ದಿನಾ ಗಣಿತಕ್ಕ ಸರಿಯಾಗಿ ನೋಯ್ತೈತೇನ? ಭಾಳ ಶ್ಯಾಣ್ಯಾ ತಲಿ ಬಿಡು ನಿಂದು."

"ನಿಮ್ಮ ಕೈ ತಣ್ಣಗ ಅದಾವ್ರಿ, ಅದಕ್ಕ ಬರ್ತೀನಿ."

ಯಾರಿಗೆ ಹಿತವಾಗುವುದಿಲ್ಲ? ಮುಲಾಮು ಹಚ್ಚಿ, ಎರಡು ನಿಮಿಷ ಹಣೆ ಒತ್ತಿ, ಬೈದು ಕಳಿಸುತ್ತಿದ್ದೆ. ಆ ನೋವು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆಯೂ ವಿಚಾರಿಸಲಿಲ್ಲ.

ಈಗ ಕಾರ್ಡಿನ ಸಂಗತಿ. ಪ್ರತಿ ಜುಲೈಯಲ್ಲಿ ಅಕ್ಷರಗಳ ಪಟ್ಟಿ ತೂಗುಹಾಕಿ ಎಲ್ಲ ಮಕ್ಕಳ ಕಣ್ಣು ನೋಡಿ ಆರೋಗ್ಯ ಕಾರ್ಡಿನಲ್ಲಿ ಬರೆಯಬೇಕು. ಆ ವರ್ಷ ಎರಡು ಸೆಕ್ಷನ್ ಬಾಕಿ ಇರುವಾಗಲೇ, ಮರುದಿನ ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂದು ತಿಳಿಯಿತು. ಕೂತಲ್ಲೇ ಆ ಎರಡು ಸೆಕ್ಷನ್‌ಗಳ ಎಲ್ಲ ಕಾರ್ಡುಗಳಿಗೂ ದೃಷ್ಟಿ ಸರಿಯಿದೆ ಎಂದು ಬರೆದು ಸಹಿ ಹಾಕಿದೆ. ನಾಗವೇಣಿಯದಕ್ಕೂ. ಆದರೆ ನೋಡಿ — ಅವಳು ಗೆರೆಯ ಮೇಲೆ ನಿಂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಪಟ್ಟಿಯ ಅಕ್ಷರಗಳನ್ನು ಜೋರಾಗಿ ಓದಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅವಳ ಬೆರಳಿನ ಇಂಕಿನ ಕಲೆ ಕೂಡ. ಅದು ನಡೆದೇ ಇಲ್ಲ! ಅವಳ ಸೆಕ್ಷನ್ನಿನ ಸರದಿ ಬರುವ ಮೊದಲೇ ಪಟ್ಟಿಯನ್ನು ಸುತ್ತಿ ಬೀರುವಿನಲ್ಲಿಟ್ಟವಳು ನಾನೇ. ನನ್ನ ಪರವಾಗಿ ಸುಳ್ಳು ಸಾಕ್ಷಿ ಹೇಳುವ ಈ ನೆನಪನ್ನು ಏನು ಮಾಡಬೇಕೋ ತಿಳಿಯದು.

ಸೆಪ್ಟೆಂಬರಿನಲ್ಲಿ ಗಣಿತದ ಕಿರುಪರೀಕ್ಷೆ. ಆ ಶಾಲೆಯಲ್ಲಿ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ಇಲ್ಲ, ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾಗವೇಣಿ ಪಕ್ಕದವಳ ನೋಟ್‌ಬುಕ್ಕಿಗೆ ಬಗ್ಗಿ ನೋಡುತ್ತ ಸಿಕ್ಕಿಬಿದ್ದಳು. ಹೆಡ್‌ಮಿಸ್ಟ್ರೆಸ್‌ಗೆ ಕನ್ನಡ ಬಾರದು, ಅಳುವ ಹುಡುಗಿಗೆ ತೆಲುಗಿನಲ್ಲಿ ಬಾಯಿ ಬಾರದು. ನನ್ನನ್ನು ಕರೆಸಿದರು. ಯಾಕೆ ಕಾಪಿ ಹೊಡೆದೆ, ಕೇಳಿ ಸಿಸ್ಟರ್.

"ಕಾಪಿ ಹೊಡೀಲಿಲ್ರಿ ಅಕ್ಕೋರ. ಬೋರ್ಡ್ ಮ್ಯಾಗಿಂದು ನನಗ ಕಾಣ್ಸಂಗಿಲ್ರಿ. ಪ್ರಶ್ನಿ ಅಷ್ಟ ಆಕಿ ಬುಕ್ಕಿನ್ಯಾಗ ನೋಡೀನಿ."

ಹೆಡ್‌ಮಿಸ್ಟ್ರೆಸ್ ತರಿಸಿಕೊಂಡಿದ್ದ ಅವಳ ಫೈಲಿನಲ್ಲಿ ಆರೋಗ್ಯ ಕಾರ್ಡು ಮೇಜಿನ ಮೇಲೆ ತೆರೆದೇ ಇತ್ತು. ನನ್ನ ಅಕ್ಷರ, ನನ್ನ ಸಹಿ. ಮೂರು ತಿಂಗಳ ತಲೆನೋವೆಲ್ಲ ಆ ಕ್ಷಣಕ್ಕೆ ಅರ್ಥವಾಯಿತು — ಇದನ್ನು ಮರೆಮಾಚುವುದಿಲ್ಲ, ಅರ್ಥವಾಗಿಯೇ ಬಾಯಿಬಿಟ್ಟೆ. ತೆಲುಗಿನಲ್ಲಿ ಹೇಳಿದೆ: ತಪ್ಪಾಯಿತು, ಇನ್ನು ಮಾಡುವುದಿಲ್ಲ ಅನ್ನುತ್ತಿದ್ದಾಳೆ.

ಒಪ್ಪಿಕೊಂಡಳಲ್ಲ, ಪಾಪ, ಎಂದರು ಅವರು. ಶಿಕ್ಷೆ ಹಗುರವಾಯಿತು: ಆ ಪರೀಕ್ಷೆಗೆ ಸೊನ್ನೆ, ಜಾಣೆಯ ಪಕ್ಕದಿಂದ ಎಬ್ಬಿಸಿ ಕೊನೆಯ ಬೆಂಚಿಗೆ. ಬೋರ್ಡಿನಿಂದ ಇನ್ನೂ ದೂರಕ್ಕೆ! ಆಗಲೂ ನಾನು ಸುಮ್ಮನಿದ್ದೆ. ಆಗ ನಾಗವೇಣಿ ಬಂದು ನನ್ನ ಸೊಂಟ ತಬ್ಬಿಕೊಂಡಳು. ಹೆಡ್‌ಮಿಸ್ಟ್ರೆಸ್ ಕಣ್ಣೊರೆಸಿಕೊಂಡರು. ಅವರ ಮನಮುಟ್ಟಿದ ಕ್ಷಣ ಇದು.

ಆಮೇಲೂ ಅವಳು ತಲೆನೋವೆಂದು ಬರುತ್ತಿದ್ದಳು, ನಾನು ಹಣೆ ಒತ್ತುತ್ತಿದ್ದೆ. ಮುಂದಿನ ಜುಲೈ ಬರಲಿ, ಎಲ್ಲರ ಜೊತೆ ಅವಳ ಕಣ್ಣನ್ನೂ ನೋಡಿ ಈಗಷ್ಟೇ ಗೊತ್ತಾದಂತೆ ಬರೆದುಬಿಡುತ್ತೇನೆ, ಯಾರೂ ಕೇಳುವುದಿಲ್ಲ — ಇದು ನನ್ನ ಉಪಾಯ. ಹತ್ತು ತಿಂಗಳು ಕಾಯಬೇಕಾದವಳು ಅವಳು. ಅವಳ ಅಪ್ಪನನ್ನು ಕರೆದು, ಹುಡುಗಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಪ್ಪಾ ಎಂದು ಗೇಟಿನಲ್ಲಿ ನಿಂತು ಹೇಳಿದ್ದರೂ ಸಾಕಿತ್ತು. ಡಿಸೆಂಬರಿನಲ್ಲಿ ಅಪ್ಪನ ಕೆಲಸ ಹೋಯಿತು, ಟಿ.ಸಿ. ತೆಗೆದುಕೊಂಡು ಹೊರಟುಹೋದರು. ಹೊಸ ವಾಚ್‌ಮನ್‌ನನ್ನು ಕೇಳಿದೆ. ಇದೇ ಊರಿನ ಕೋಠಿ ಕಡೆ ಎಲ್ಲೋ ಹೋದರಂತೆ ಎಂದ. ಒಂದೇ ಸಲ ಕೇಳಿದೆ.

ಇಷ್ಟು ವರ್ಷ ನನ್ನನ್ನು ಕಾಡಿದ್ದು ಆ ಅಪ್ಪುಗೆ. ಮೂರು ತಿಂಗಳಲ್ಲಿ ಅವಳಿಗೆ ತೆಲುಗು ಎಷ್ಟು ತಿಳಿಯುತ್ತಿತ್ತು? ನಾನು ಅವಳ ಮಾತನ್ನೇ ಹೇಳಿದೆನೆಂದು ನಂಬಿ ತಬ್ಬಿದಳೇ? ಅಥವಾ ತಿಳಿದೂ, ಬೇರೆ ಯಾರೂ ಇಲ್ಲವಲ್ಲ ಎಂದು — ಥೂ, ಮತ್ತೆ ನನ್ನ ಬಗ್ಗೆಯೇ ಯೋಚನೆ. ಅವಳು ನನ್ನನ್ನು ಏನೆಂದುಕೊಂಡಳು ಎಂಬುದಲ್ಲ ಕೇಳಬೇಕಾದದ್ದು. ಅವಳಿಗೆ ಈಗ ಇಪ್ಪತ್ತು ದಾಟಿರಬೇಕು. ಯಾರಾದರೂ ಅವಳ ಕಣ್ಣು ಪರೀಕ್ಷಿಸಿದರೋ ಇಲ್ಲವೋ, ನನಗೆ ಗೊತ್ತಿಲ್ಲ.