ಚಿಕ್ಕಪ್ಪನ ಗಾಡಿಯ ‘ಟಕ್’

ನಮ್ಮ ಚಿಕ್ಕಪ್ಪ ಇದುವರೆಗೆ ಒಂದೇ ಒಂದು ತಪ್ಪನ್ನೂ ಮಾಡಿದವರಲ್ಲ. ಅವರ ಕೈಯಿಂದ ಲೋಟ ಬಿದ್ದರೆ ಅದು ಲೋಟದ ಅವಸರ. ಬಾಗಿಲಿಗೆ ಹಣೆ ಬಡಿದರೆ ಬಡಗಿಗೆ ಅಳತೆ ಗೊತ್ತಿಲ್ಲ. ಕಾರು ರಿಪೇರಿ ಅವರ ಕಸುಬು. ಸುತ್ತಲಿನ ಹಳೇ ಗಾಡಿಗಳೆಲ್ಲ ಅವರ ಶೆಡ್ಡಿಗೇ ಬರುತ್ತವೆ. ಗಿರಾಕಿಗಳು ಹೇಳುವುದನ್ನೆಲ್ಲ ಕಿವಿಗೊಟ್ಟು ಕೇಳುತ್ತಾರೆ. ಹೆಂಡತಿಯ ಮಾತು ಮಾತ್ರ ಆ ಕಿವಿಗೆ ಇಳಿಯುವುದಿಲ್ಲ.

ರಂಪ ಶುರುವಾದದ್ದೇ ಅದರಿಂದ. ಮದುವೆಗೆ ಮುಂಚೆ ಕೊಂಡ, ಉದ್ದ ಮೂಗಿನ ತಿಳಿನೀಲಿ ಕಾರೊಂದು ಅವರಿಗಿದೆ. ಚಿಕ್ಕಮ್ಮ ಶಾಲೆಯಲ್ಲಿ ಸಂಗೀತ ಕಲಿಸುತ್ತಾರೆ. ದಿನಾ ಬೆಳಿಗ್ಗೆ ಅವರನ್ನು ಅದರಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುವುದೆಂದರೆ ಚಿಕ್ಕಪ್ಪನಿಗೆ ಎಲ್ಲಿಲ್ಲದ ಠೀವಿ. ಒಂದು ದಿನ ಗೇರು ಹಾಕುತ್ತಿದ್ದಂತೆ ಚಿಕ್ಕಮ್ಮ ಅಂದರು:

“ರೀ, ಕಾಲ ಕೆಳಗೆಲ್ಲೋ ಟಕ್ ಅಂತು.”

“ನಿನ್ನ ಬುತ್ತಿ ಡಬ್ಬಿ ಇರ್ಬೇಕು.”

ಮರುದಿನ ಚಿಕ್ಕಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟು ಹಿಡಿದುಕೊಂಡು ಕೂತರು. ಆಗ ಚಿಕ್ಕಪ್ಪನ ಲೆಕ್ಕದಲ್ಲಿ ಅದು ಆಕೆಯ ಕೀಲಿಗೊಂಚಲಿನ ಸದ್ದಾಯಿತು. ಅದನ್ನೂ ಮುಷ್ಟಿಯಲ್ಲಿ ಹಿಡಿದರು. ಕೊನೆಗೆ ಚಿಕ್ಕಪ್ಪ, “ನಿನ್ನ ಕಿವೀಲೇ ಏನೋ ಆಗಿದೆ, ಡಾಕ್ಟರಿಗೆ ತೋರ್ಸು” ಅಂದುಬಿಟ್ಟರು. ಇಡೀ ತರಗತಿ ಒಟ್ಟಿಗೆ ಹಾಡುವಾಗ ಯಾರ ಶ್ರುತಿ ತಪ್ಪಿತೆಂದು ಹಿಡಿಯುವ ಹೆಂಗಸಿಗೆ! ಚಿಕ್ಕಮ್ಮ ಇಳಿದು ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಅಂದಿನಿಂದ ಬಸ್ಸು ಹಿಡಿದರು.

ಪಕ್ಕದ ಸೀಟು ಖಾಲಿಯಾದ ಮೇಲೆ ಚಿಕ್ಕಪ್ಪನ ಠೀವಿಯೂ ಇಳಿಯಿತು. ಅದೇ ಮನೆಯಲ್ಲಿದ್ದ ನನಗೆ ಎಲ್ಲ ಕಾಣುತ್ತಿತ್ತಲ್ಲ! ಬೆಳಿಗ್ಗೆ ಗಾಡಿ ಒರೆಸುವರು, ಸ್ಟಾರ್ಟ್ ಮಾಡಿ ಗೇಟಿನ ಬಳಿ ನಿಲ್ಲಿಸುವರು. ಚಿಕ್ಕಮ್ಮ ಅದನ್ನು ಬೀದಿಯ ಕಂಬ ದಾಟುವ ಹಾಗೆ ದಾಟಿ ಹೋಗುವರು. “ಹತ್ತು ಕಣೇ, ಬಸ್ಸಲ್ಲಿ ನೂಕುನುಗ್ಗಲು” ಎಂದು ಗೋಗರೆದರೂ ಊಹೂಂ. ಅವರಿಗೆ ಬೇಕಿದ್ದದ್ದು ಅದೊಂದೇ, ಆಕೆ ಮತ್ತೆ ಪಕ್ಕದಲ್ಲಿ ಬಂದು ಕೂರುವುದು. ಆದರೆ ‘ತಪ್ಪಾಯ್ತು’ ಎನ್ನುವುದಕ್ಕಿಂತ ಗಾಡಿ ಬಿಚ್ಚುವುದೇ ಸುಲಭ ಅನ್ನಿಸಿತೋ ಏನೋ.

ಒಂದು ರಜಾದಿನ ಜಾಕಿ ಕೊಟ್ಟು ಗಾಡಿಯನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕೆಳಗೆ ತೂರಿದರು. ನಾನು ಟಾರ್ಚ್ ಹಿಡಿದೆ. ಎಂಜಿನ್ನಿನ ತಿರುಗುವ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದನೆಯ ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚಿದರು. ಟಕ್! ಶಾಫ್ಟಿನ ತುದಿಯ ಕೀಲಿನಲ್ಲಿ ನಾಲ್ಕು ಕೈ ಚಾಚಿದ ಕಬ್ಬಿಣದ ತುಂಡೊಂದು ಇರುತ್ತದೆ, ಅದಕ್ಕೆ ಕ್ರಾಸ್ ಅನ್ನುತ್ತಾರೆ. ಅದರ ಸುತ್ತ ಇಟ್ಟಿಗೆಪುಡಿಯಂಥ ಕೆಂಪು ತುಕ್ಕು. ಒಳಗಿನ ಗ್ರೀಸು ಒಣಗಿ ಯಾವ ಕಾಲವಾಗಿತ್ತೋ.

“ಚಿಕ್ಕಮ್ಮ ಹೇಳಿದ್ದೇ ಸರಿ ಅಲ್ವಾ ಚಿಕ್ಕಪ್ಪ?”

“ಟಾರ್ಚ್ ನೆಟ್ಟಗೆ ಹಿಡಿ,” ಅಂದರು.

ಶಾಫ್ಟ್ ಇಳಿಸಿ, ಹಳೇ ಕ್ರಾಸುಗಳನ್ನು ಹೊಡೆದು ತೆಗೆದು, ಎರಡೂ ತುದಿಗೆ ಹೊಸದು ಕೂರಿಸಿದರು. ಆ ಶಾಫ್ಟಿನ ಎರಡು ತುಂಡುಗಳು ಹಲ್ಲಿಗೆ ಹಲ್ಲು ಸೇರಿ ಕೂರುವಂಥವು. ಬಿಚ್ಚುವ ಮುನ್ನ ಗುರುತು ಮಾಡಿಕೊಂಡು, ಅದೇ ಗುರುತಿಗೆ ಜೋಡಿಸದಿದ್ದರೆ ಓಡುವಾಗ ಗಾಡಿ ನಡುಗುತ್ತದೆ. ಗಿರಾಕಿಗಳ ಶಾಫ್ಟಿಗಾದರೆ ಉಳಿಯಿಂದ ಕಚ್ಚು ಹೊಡೆಯುವ ಚಿಕ್ಕಪ್ಪ, ತಮ್ಮ ಮುದ್ದಿನ ಗಾಡಿಗೆ ನೋವಾದೀತೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು. ಆಮೇಲೆ ಅದೇ ಮುದ್ದು ಉಕ್ಕಿ, ಇಡೀ ಶಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಫಳಫಳ ಹೊಳೆಯುವ ಹಾಗೆ ಕಪ್ಪು ಬಣ್ಣ ಬಳಿದರು. ಗೆರೆ ಎಲ್ಲಿ ಹೋಯಿತೆಂದು ನಾನು ಕೇಳಿದರೆ, “ಕಣ್ಣಳತೆ ಸಾಕು” ಅಂದು ಜೋಡಿಸಿಬಿಟ್ಟರು.

ಸಂಜೆ ಚಿಕ್ಕಮ್ಮನ ಮುಂದೆ ನಿಂತು, “ಟಕ್ ಹೋಯ್ತು. ಒಂದು ಸುತ್ತು ಹೋಗಿ ಬರೋಣ, ಬಾ” ಅಂದರು. ಏನಾಗಿತ್ತು ಎಂಬುದರ ಸೊಲ್ಲೇ ಇಲ್ಲ. ಚಿಕ್ಕಮ್ಮ ನನ್ನ ಮುಖ ನೋಡಿದರು, ಚಪ್ಪಲಿ ಮೆಟ್ಟಿದರು, ಬಂದು ಮುಂದೆ ಕೂತರು. ನಾನು ಹಿಂದಿನ ಸೀಟಿನಲ್ಲಿ. ಗೇರು ಬಿತ್ತು, ಟಕ್ ಇಲ್ಲ. ಚಿಕ್ಕಪ್ಪನ ಮೀಸೆ ಅರಳಿತು. ದೊಡ್ಡ ರಸ್ತೆ ಸೇರಿ ವೇಗ ಹಿಡಿದದ್ದೇ ತಡ, ಸೀಟು, ಕನ್ನಡಿ, ನನ್ನ ದವಡೆ ಎಲ್ಲ ಗಡಗಡ ನಡುಗತೊಡಗಿದವು.

ಚಿಕ್ಕಮ್ಮ ಕಿಟಕಿಯಾಚೆ ನೋಡತೊಡಗಿದರು. ‘ರಸ್ತೆ ಸರಿ ಇಲ್ಲ’ ಎಂಬ ಮಾತು ಚಿಕ್ಕಪ್ಪನ ನಾಲಿಗೆಯ ತುದಿಗೆ ಬಂದದ್ದು ನನಗೆ ಹಿಂದಿನಿಂದಲೇ ತಿಳಿಯಿತು. ನಿಜಕ್ಕೂ ಭಯವಾಯಿತು. ಅದೊಂದು ಮಾತು ಹೊರಬಿದ್ದರೆ ಚಿಕ್ಕಮ್ಮ ಇಳಿದು ಹೋಗುವರು, ಇನ್ನೆಂದೂ ಹತ್ತಲಾರರು. ಚಿಕ್ಕಪ್ಪ ಗಾಡಿಯನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದರು.

“ಗುರುತು ಅಳಿಸಿ ಹೋಗಿತ್ತು. ಶಾಫ್ಟ್ ತಪ್ಪಾಗಿ ಜೋಡಿಸಿದೀನಿ. ನಾನೇ,” ಅಂದರು. ಆಮೇಲೆ ಸ್ಟೀರಿಂಗನ್ನು ಒರೆಸುತ್ತ, “ಆ ಟಕ್ಕೂ ಇತ್ತು ಕಣೇ. ನಿನ್ನ ಕಿವಿ ಸರಿಯಾಗೇ ಇದೆ. ತಪ್ಪಾಯ್ತು.”

ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಲೇ ಇದ್ದರು. ಚಿಕ್ಕಪ್ಪನೇ ಕೆಮ್ಮಿ, “ಮನೆವರೆಗೂ ಹೀಗೇ ಅಲ್ಲಾಡುತ್ತೆ. ನೀವಿಬ್ರೂ ಇಳಿದು ಬಸ್ಸಲ್ಲಿ ಬನ್ನಿ” ಅಂದರು.

“ಇಷ್ಟು ದಿನ ಹತ್ತು ಹತ್ತು ಅಂತ ಪ್ರಾಣ ತಿಂದ್ರಿ, ಈಗ ಇಳಿ ಅಂತೀರಾ?” ಚಿಕ್ಕಮ್ಮ ಕಾಲು ಚಾಚಿ ಇನ್ನೂ ಆರಾಮಾಗಿ ಕೂತರು. “ನಾನಂತೂ ಇಳಿಯಲ್ಲ. ನಡೀರಿ.”