ವಾಲ್ವು ಉಜ್ಜಿದ್ದು

ಯುದ್ಧದ ಕಾಲ. ಮಂಡ್ಯದಲ್ಲಿ ಹಾಸಿಗೆ ಹಿಡಿದಿದ್ದ ಅಪ್ಪನಿಗೆ ಮೊಮ್ಮಗನನ್ನು ತೋರಿಸಲು ಮಳವಳ್ಳಿಯಿಂದ ಹೊರಟೆ. ಮದ್ದೂರಿನಲ್ಲಿ ರೈಲು ಹಿಡಿಯಬೇಕಿತ್ತು, ದಾರಿಯಲ್ಲೇ ಬಸ್ಸು ಕೆಟ್ಟು ನಿಂತಿತು. ತಲೆ ನರೆತ ಡ್ರೈವರಣ್ಣ ಎಂಜಿನ್ ಬಿಚ್ಚಿ, ಅಂಚು ಸುಟ್ಟು ಸರಿಯಾಗಿ ಕೂರದ ವಾಲ್ವೊಂದನ್ನು ತೋರಿಸಿದ.

"ಹೊಸದು ಹಾಕಣ್ಣ" ಎಂದೆ.

"ಇಂಗ್ಲೆಂಡ್ ಸೀಮೆಯಿಂದ ಬರ್ಬೇಕು ಕಣವ್ವ. ಹಡಗು ಬುಡಿ ಅಂತ ಜರ್ಮನಿಯೋರ್ಗೆ ನೀನೇ ಯೋಳು. ಇದನ್ನೇ ಉಜ್ಜಿ ಕೂರಿಸ್ತೀನಿ."

ಅಂಚಿಗೆ ಸಾಣೆಪುಡಿ ಕಲಸಿದ ಮಸಾಲೆ ಬಳಿದು, ವಾಲ್ವನ್ನು ಅದರ ಜಾಗದಲ್ಲಿಟ್ಟು, ಕೋಲು ಸಿಕ್ಕಿಸಿ ಅಂಗೈಗಳ ನಡುವೆ ಹೊಸೆಯತೊಡಗಿದ. ಮಗು ಅತ್ತಾಗಲೆಲ್ಲ ಅವನ ಕೈ ನಿಲ್ಲುತ್ತಿತ್ತು.

"ಅಳೋದು ನನ್ನ ಮಗು, ನಿನ್ನ ಕೈಗೇನಣ್ಣ ರೋಗ?"

"ಮಗೀ ಅಳ್ತಿದ್ರೆ ಕೈ ಓಡಾಕಿಲ್ಲ ಕಣವ್ವ."

"ಹಾಗಾದರೆ ನೀನೇ ಎತ್ತಿಕೋ" ಎಂದು ಕೋಲು ಕಿತ್ತುಕೊಂಡೆ. ಅವನು ಮಸಿಗೈಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡು ನೆತ್ತಿ ಸವರತೊಡಗಿದ. "ಒತ್ತಬ್ಯಾಡ, ಆಗಾಗ ಎತ್ತಿ ತಿರುಗ್ಸು" ಎಂದು ಕಲಿಸಿದ. ಅಂಚು ಸುತ್ತಲೂ ಒಂದೇ ಬೂದುಬಣ್ಣಕ್ಕೆ ಬರುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಮಗು ಅವನ ಹೆಗಲ ಮೇಲೆ ನಿದ್ದೆಹೋಗಿತ್ತು. ಬಸ್ಸು ಹೊರಟಿತು, ರೈಲೂ ಸಿಕ್ಕಿತು.

ಅಪ್ಪ ಮಾತಾಡಿ ಮೂರು ದಿನವಾಗಿತ್ತಂತೆ. ಮಗುವನ್ನು ಪಕ್ಕದಲ್ಲಿ ಮಲಗಿಸಿದೆ. ಅಪ್ಪ ಅದರ ನೆತ್ತಿ ಮೂಸಿ ಕಣ್ಣು ಬಿಟ್ಟರು.

"ನೆತ್ತಿಗೆ ಅರಳೆಣ್ಣೆ ಸಿಗ್ನಿಲ್ವೇನವ್ವ? ಮಗೀಗೆ ಸೀಮೆಣ್ಣೆ ಅಚ್ಚಿದ್ದೀಯಲ್ಲ!"

ನನಗೆ ಈ ಹರಿತ ನಾಲಿಗೆ ಎಲ್ಲಿಂದ ಬಂತೆಂದು ನಮ್ಮತ್ತೆ ಈಗಲೂ ಕೇಳುತ್ತಿರುತ್ತಾರೆ.