ಹಗ್ಗದ ಬಾಲರಾಜ ನಿಲ್ಲದ ದಿನ

ನಮ್ಮ ಲೇಔಟಿನಲ್ಲಿ ಕಾರುಗಳು ಬೇಕಾದಷ್ಟಿವೆ. ಕಾರುಬಾರು ಮಾತ್ರ ಬಾಲರಾಜನ ಗಾಡಿಯದ್ದು. ಕಪ್ಪು ಎಸ್‌ಯುವಿ. ಅಡ್ಡರಸ್ತೆಯಲ್ಲಿ ನಿಲ್ಲಿಸಿದರೆ ರಸ್ತೆಯಲ್ಲಿ ಅಡ್ಡ ಮಾತ್ರ ಉಳಿಯುತ್ತದೆ. ಅಮೃತಹಳ್ಳಿ ಪಕ್ಕದಲ್ಲಿ ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ನಮ್ಮ ಮನೆಗಳಿವೆ. ಹೊಲ ಹೋಗಿ ಹೊಳಪು ಬಂತಲ್ಲಯ್ಯಾ ಎಂದು ನಾನು ಛೇಡಿಸಿದರೆ ನಗುತ್ತಾನೆ, ಒರೆಸುವುದನ್ನು ಬಿಡುವುದಿಲ್ಲ.

ಒರೆಸುವುದಕ್ಕೂ ಅವನಲ್ಲಿ ಮಡಿಯಿದೆ. ಭಾನುವಾರ ಬೆಳಿಗ್ಗೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೊರೆ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಚಕ್ರದ ಬಟ್ಟೆ ಬಾನೆಟ್ಟಿಗೆ ತಗುಲಿದರೆ ಮೈಲಿಗೆ. ಆಮೇಲೆ ಟೈರಿನ ಗಾಳಿ, ಇಂಜಿನ್ ಆಯಿಲ್, ಕೊನೆಯಲ್ಲಿ ಡಿಕ್ಕಿಯೊಳಗಿನ ಹಳದಿ ಹಗ್ಗ. ಆ ಹಗ್ಗದಿಂದಲೇ ಅವನಿಗೆ ಹಗ್ಗದ ಬಾಲರಾಜ ಎಂಬ ಹೆಸರು. ಮೇನ್ ರೋಡಿಗೆ ಹೋಗಲು ನಮಗೆ ಹತ್ತಿರದ ದಾರಿ ರೈಲ್ವೆ ಅಂಡರ್‌ಪಾಸ್; ಜೋರು ಮಳೆ ಬಂದರೆ ಅದೇ ಕೆರೆ. ಅಲ್ಲಿ ಕೆಟ್ಟು ನಿಂತ ಕಾರುಗಳ ಮುಂದೆ ಬಾಲರಾಜ ತನ್ನ ಗಾಡಿಯನ್ನು ರಿವರ್ಸಿನಲ್ಲಿ ಇಳಿಸಿ, ಕೊಕ್ಕೆ ಸಿಕ್ಕಿಸಿ, ನ್ಯೂಟ್ರಲ್ಲಿಗೆ ಹಾಕಿಸಿ ಮೆಲ್ಲಗೆ ಎಳೆದು ದಡ ಸೇರಿಸುತ್ತಿದ್ದ. ಕಾಫಿ ಕೊಟ್ಟರೂ ಬೇಡ ಎನ್ನುತ್ತಿದ್ದ. ಕೆಸರಲ್ಲಿ ಹೂತ ಗಾಡಿಯನ್ನು ಕಂಡೂ ತನ್ನ ಎತ್ತು ಕಟ್ಟಿ ಎಳೆಯದವನ ಮನೆಯಲ್ಲಿ ಅವತ್ತು ಎತ್ತುಗಳು ಮೇವು ಮುಟ್ಟುವುದಿಲ್ಲ ಎಂದು ಅವನಪ್ಪ ಹೇಳುತ್ತಿದ್ದರಂತೆ.

ಹೋದ ಮೇ ತಿಂಗಳಲ್ಲಿ ಬಾಲರಾಜ ಗಾಡಿಗೆ ಹೊಳಪು ಮಾಸದಂತೆ ಸೆರಾಮಿಕ್ ಕೋಟಿಂಗ್ ಮಾಡಿಸಿದ. ವಾರದ ತನಕ ಒಳ್ಳೆ ನೀರೂ ತಾಗಬಾರದು, ಮೋರಿ ನೀರಂತೂ ಕೂಡದೇ ಕೂಡದು ಎಂದು ಅಂಗಡಿಯವರು ತಾಕೀತು ಮಾಡಿದ್ದರು. ಅವತ್ತೇ ಸಂಜೆ ಮಳೆ ಹೊಯ್ಯಿತು. ಅದು ಪೂರಾ ಬಿಡುವವರೆಗೆ ಅವರ ಶೆಡ್ಡಿನಡಿಯಲ್ಲೇ ಕಾದು, ಹೊಂಡ ತಪ್ಪಿಸುತ್ತಾ ಅಂಡರ್‌ಪಾಸಿಗೆ ಬಂದ. ನಡುನೀರಿನಲ್ಲಿ ಒಂದು ಚಿಕ್ಕ ಬಿಳಿ ಕಾರು, ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಿತ್ತು. ಕಿಟಕಿಯಿಂದ ಒಂದು ಕೈ ಹೊರಬಂದು ಬೀಸಿತು. ಮಳೆ ನಿಂತಿತ್ತು, ನೀರು ನಿಂತಿತ್ತು, ಬಾಲರಾಜ ಮಾತ್ರ ನಿಲ್ಲಲಿಲ್ಲ. ಯಾರಾದರೂ ಎಳೆಯುತ್ತಾರೆ ಎಂದುಕೊಂಡು ಯೂಟರ್ನ್ ಹೊಡೆದು, ಸುತ್ತುಬಳಸಿ ಮನೆ ಸೇರಿದ.

ಯಾರೋ ಎಳೆದರು ಕೂಡ. ಮಾರನೆಯ ದಿನ ಬಾಲರಾಜನ ಬಾಗಿಲಿಗೆ ರತ್ನಕ್ಕ ಬಂದರು. ಹಿಂದಿನ ಬೀದಿಯ ಬಾಗಲಕೋಟೆಯವರು, ಮಂಡಿನೋವಿನ ಹಿರಿಯರು. ಜೊತೆಯಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಸೊಸೆ ದಾಕ್ಷಾಯಣಿ. ಕೈಯಲ್ಲಿ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ. ಕಾರಿನಲ್ಲಿದ್ದವರು ಇವರೇ. ನೀರು ಸೀಟಿಗೆ ಬಂದಿತ್ತಂತೆ. ಒಂದು ದೊಡ್ಡ ಕಪ್ಪು ಗಾಡಿ ಬಂದು ಎಳೆದು ಹಾಕಿ, ಇವರು ಇಳಿದು ಕೈಮುಗಿಯುವ ಮೊದಲೇ ಹೊರಟುಹೋಯಿತಂತೆ. ಗಾಜಿಗೆ ಆವಿ ಕಟ್ಟಿ ಮುಖ ಕಂಡಿರಲಿಲ್ಲ. ಆದರೆ ಕಪ್ಪು ಗಾಡಿ, ಹಗ್ಗ, ನಮ್ಮ ಅಂಡರ್‌ಪಾಸ್ ಎಂದ ಮೇಲೆ ಲೇಔಟಿನಲ್ಲಿ ಇನ್ನೊಂದು ಹೆಸರು ಹೊಳೆಯುವುದುಂಟೆ?

"ಅಮ್ಮ, ಅದು ನಾನಲ್ಲ" ಎಂದ ಬಾಲರಾಜ.

ರತ್ನಕ್ಕ ನಕ್ಕರು. "ಮಾಡಿದಾವ ನಾನಲ್ಲ ಅಂತಾನ, ಮಾಡದಾವ ನಾನ ಅಂತಾನ. ಯಾರ ಮುಂದ ಹೇಳ್ತೀಯಪಾ? ಸುಮ್ಮ ಹಿಡಿ."

ಅರ್ಧ ಸತ್ಯ ಹೇಳಿದ್ದಕ್ಕೆ ಅವನಿಗೆ ಪೂರ್ತಿ ವಿನಯವಂತನೆಂಬ ಬಿರುದು ಬಂತು. ನೋಡಿಯೂ ಹೋದೆ ಎಂಬ ಇನ್ನರ್ಧ ಗಂಟಲಲ್ಲೇ ಉಳಿಯಿತು. ಅಲ್ಲಿಂದ ಪ್ರತಿ ಸೋಮವಾರ ರೊಟ್ಟಿ ಬರತೊಡಗಿತು. ಖಡಕ್ ರೊಟ್ಟಿ ಮುರಿದಾಗಲೆಲ್ಲ ಟಪ್ ಎನ್ನುತ್ತದಷ್ಟೆ. ಆ ಸದ್ದಿಗೇ ಬಾಲರಾಜ ಬೆಚ್ಚಿ ತಟ್ಟೆ ಸರಿಸುತ್ತಾನೆಂದು ಅವನ ಹೆಂಡತಿ ಒಮ್ಮೆ ನಮ್ಮ ಮನೆಯಲ್ಲಿ ದೂರಿದಳು. ಅವಳಿಗೂ ಕಾರಣ ಗೊತ್ತಿರಲಿಲ್ಲ.

ನನಗೆ ಗೊತ್ತಾದದ್ದು ನಮ್ಮ ಶಾಲೆಯ ಪುಣ್ಯದಿಂದ. ನಾನು ಕಾನ್ವೆಂಟಿನಲ್ಲಿ ಓದಿದವನು ತಾನೆ. ಒಂದು ದಿನ ಬಾಲರಾಜ ನನ್ನನ್ನು ಗಾಡಿಯೊಳಗೆ ಕೂರಿಸಿಕೊಂಡು ಗಾಜು ಏರಿಸಿ, ನಿಮ್ಮ ಸ್ಕೂಲಲ್ಲಿ ಪಾಪ ಹೇಳ್ಕೊಳ್ಳೋಕೆ ಒಂದು ಗೂಡಿತ್ತಂತಲ್ಲ ಸಾರ್ ಎಂದು ಶುರುಮಾಡಿದ. ಪೂರ್ತಿ ಕೇಳಿದೆ. ಪಾದ್ರಿಗಳಾಗಿದ್ದರೆ ಪ್ರಾರ್ಥನೆ ಹೇಳಿಕೊಡುತ್ತಿದ್ದರು. ನನಗೆ ಬರುವುದು ಕುಚೋದ್ಯವೊಂದೇ, ಅದೂ ಅವತ್ತು ಬಾಯಿಗೆ ಬರಲಿಲ್ಲ. ಹೇಳಬೇಕಾದ್ದು ನನಗಲ್ಲ, ರತ್ನಕ್ಕನವರಿಗೆ ಎಂದೆ.

ಅವನು ಬೇರೆ ದಾರಿ ಹುಡುಕಿದ. ಮೋಡ ಕಂಡರೆ ಸಾಕು, ಹಗ್ಗದೊಂದಿಗೆ ಅಂಡರ್‌ಪಾಸಿನ ಬಾಯಲ್ಲಿ ಗಾಡಿ ನಿಲ್ಲಿಸಿ, ಇಂಡಿಕೇಟರ್ ಹಾಕಿಕೊಂಡು ಕಾಯುತ್ತಿದ್ದ. ಭಾನುವಾರದ ಬಕೆಟ್‌ಗಳು ಒಣಗಿದವು. ಕೋಟಿಂಗಿನ ಮೇಲೆ ಕೆಸರಿನ ಕೋಟಿಂಗ್ ಬಿತ್ತು. ಆದರೆ ಎಳೆಯಲು ಒಂದು ಆಟೋವೂ ಸಿಗಲಿಲ್ಲ. ಇಂಥ ಆನೆಯೇ ಇಳಿಯಲು ಹೆದರಿ ನಿಂತಿದೆ, ನಮ್ಮದೇನು ಎಂದುಕೊಂಡು ಬಂದವರೆಲ್ಲ ತಿರುಗಿ ಹೋಗುತ್ತಿದ್ದರು. ಋಣ ತೀರಿಸೋಣ ಅಂದ್ರೆ ಒಬ್ರೂ ಮುಳುಗ್ತಾ ಇಲ್ಲ ಸಾರ್ ಎಂದು ನನ್ನ ಮುಂದೆ ಗೋಳಾಡಿದ. ತಮಾಷೆಗಲ್ಲ, ನಿಜವಾಗಿ.

ಒಂದು ಮಳೆಯ ಮಧ್ಯಾಹ್ನ ಆ ಬಿಳಿ ಕಾರೇ ಬಂದು ಪಕ್ಕದಲ್ಲಿ ನಿಂತಿತು. ದಾಕ್ಷಾಯಣಿ ಒಬ್ಬಳೇ ಇದ್ದಳು. ಗಾಜು ಇಳಿಸಿ, ನೀರು ಎಷ್ಟೈತಿ ಅಣ್ಣಾರ ಎಂದು ಕೇಳಿದಳು.

"ಚಕ್ರ ಮುಳುಗ್ತದೆ, ಇಳೀಬೇಡ" ಎಂದ ಬಾಲರಾಜ. ಬಾಯಿ ಬಿಟ್ಟದ್ದೇ ಸಾಕಾಯಿತೇನೋ, ಉಳಿದದ್ದೂ ಹೊರಗೆ ಬಂತು. "ಅವತ್ತು ನಾನು ನೋಡಿದ್ದೆ ಕಣಮ್ಮ. ಪಾಲಿಶ್ ಕೆಡ್ತದೆ ಅಂತ ಇಂಗೇ ತಿರುಗಿಸ್ಕೊಂಡು ಒಂಟೋದೆ."

ಅವಳು ವೈಪರ್ ನಿಲ್ಲಿಸಿದಳು.

"ಕೈ ಬೀಸಿದಾಕಿ ನಮ್ಮತ್ತಿ. ಕಂಡಿತ್ತೇನ್ರಿ?"

"ಕಂಡಿತ್ತು."

ಅವಳು ಗಾಜು ಏರಿಸಿ, ಕಾರು ತಿರುಗಿಸಿಕೊಂಡು ಹೋದಳು.

ಆ ಸೋಮವಾರ ರೊಟ್ಟಿ ಬರಲಿಲ್ಲ. ಹೆಂಡತಿ ಮುದ್ದೆ ಬಡಿಸಿದಳು. ಬಾಲರಾಜ ಎಷ್ಟೋ ದಿನಗಳ ಮೇಲೆ ಇನ್ನೊಂದು ಕೇಳಿ ಹಾಕಿಸಿಕೊಂಡ. ಊಟದ ನಡುವೆ ಗುಡುಗಿತಂತೆ. ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಗಾಡಿಯ ಕೀ ತೆಗೆದುಕೊಂಡು ಎದ್ದು ಹೋದ.